ಮೂರು ಕೋಟಿಯ ಲೆಕ್ಕದ ಹಿಂದೆ

ನಮಸ್ಕಾರ. ಭೂಮಿಯ ಮೇಲೆ ಮೂರು ಕೋಟಿ ಜಾತಿಯ ಕೀಟಗಳೂ ಅವುಗಳ ಬಳಗದ ಇತರ ಸಂಧಿಪದಿಗಳೂ (ಜೇಡದಂಥ ಕೀಲುಗಾಲಿನ ಜೀವಿಗಳು) ಇವೆ ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಆ ಸಂಖ್ಯೆ ಹುಟ್ಟಿದ್ದು ಪನಾಮಾದ ಕಾಡಿನಲ್ಲಿ, ಒಂದೇ ಜಾತಿಯ 19 ಮರಗಳಿಂದ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಜೀರುಂಡೆ ತಜ್ಞ ಟೆರಿ ಎರ್ವಿನ್ ಅವರು 1970ರ ದಶಕದಲ್ಲಿ ಲೂಹಿಯಾ ಸೀಮಾನಿ ಎಂಬ ಮರಗಳ ನೆತ್ತಿಗೆ ಕೀಟನಾಶಕದ ಹೊಗೆ ಹಾಕಿ, ಕೆಳಗೆ ಉದುರಿದ್ದನ್ನೆಲ್ಲ ಆಯ್ದು ವಿಂಗಡಿಸಿದಾಗ ಜೀರುಂಡೆಗಳಲ್ಲೇ ಸುಮಾರು 1,200 ಜಾತಿಗಳು ಸಿಕ್ಕವು. ಇವುಗಳಲ್ಲಿ 163 ಜಾತಿಗಳು ಈ ಮರವನ್ನೇ ನಂಬಿ ಬದುಕುತ್ತವೆ, ಉಷ್ಣವಲಯದಲ್ಲಿ 50,000 ಜಾತಿಯ ಮರಗಳಿವೆ, ಸಂಧಿಪದಿಗಳಲ್ಲಿ ನೂರಕ್ಕೆ ನಲವತ್ತು ಜೀರುಂಡೆಗಳು, ಮರದ ನೆತ್ತಿಯಲ್ಲಿರುವ ಜಾತಿಗಳ ಅರ್ಧದಷ್ಟು ಕಾಡಿನ ನೆಲದಲ್ಲಿವೆ ಎಂದೆಲ್ಲ ಇಟ್ಟುಕೊಂಡು, 1982ರಲ್ಲಿ ಬರೆದ ಎರಡೇ ಪುಟದ ಟಿಪ್ಪಣಿಯಲ್ಲಿ ಅವರು ಮೂರು ಕೋಟಿಗೆ ಬಂದು ತಲುಪಿದರು.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಆ 163 ಎಲ್ಲಿಂದ ಬಂತು? ಮುಖ್ಯವಾಗಿ, ಎಲೆ, ಚಿಗುರು, ತೊಗಟೆ ತಿನ್ನುವ ಜೀರುಂಡೆಗಳಲ್ಲಿ ನೂರಕ್ಕೆ ಇಪ್ಪತ್ತು ಒಂದೇ ಜಾತಿಯ ಮರಕ್ಕೆ ಅಂಟಿಕೊಂಡಿರುತ್ತವೆ ಎಂಬ ಊಹೆಯಿಂದ. ಅದು ಅಳೆದು ಪಡೆದ ಅಂಕಿಯಲ್ಲ. ಮುಂದೆ ಪಪುವಾ ನ್ಯೂಗಿನಿಯ ಕಾಡಿನಲ್ಲಿ ಯಾವ ಹುಳು ಯಾವ ಮರದ ಎಲೆ ತಿನ್ನುತ್ತದೆ ಎಂಬುದನ್ನು ವರ್ಷಗಟ್ಟಲೆ ಕುಳಿತು ನೋಡಿದವರು, ಹತ್ತಿರದ ಸಂಬಂಧಿ ಮರಗಳು ತಮ್ಮ ಹುಳುಗಳನ್ನು ಹಂಚಿಕೊಳ್ಳುತ್ತವೆ ಎಂದು ಕಂಡುಕೊಂಡು, 2002ರಲ್ಲಿ ಆ ಅಂದಾಜನ್ನು 40ರಿಂದ 60 ಲಕ್ಷಕ್ಕೆ ಇಳಿಸಿದರು. ಎರ್ವಿನ್ ಅವರನ್ನು ದೂರಬೇಕಾಗಿಲ್ಲ. ಪರೀಕ್ಷಿಸಿ ನೋಡಿ ಎಂದೇ ಅವರು ಅಂಕಿಯನ್ನು ಮುಂದಿಟ್ಟಿದ್ದರು. ನನ್ನ ತಕರಾರು ನಮ್ಮ ಮೇಲೆ. ಅವರು ಕೊಟ್ಟ ಸಂಖ್ಯೆಯನ್ನು ಎತ್ತಿಕೊಂಡು ಭಾಷಣಗಳಿಗೆ ಬಳಸಿದೆವು, ಅದರೊಳಗಿದ್ದ ಪ್ರಶ್ನೆಯನ್ನು, ಅಂದರೆ ಯಾವ ಹುಳು ಯಾವ ಮರದ ಮೇಲೆ ಏನು ಮಾಡುತ್ತಿದೆ ಎಂಬುದನ್ನು, ಅಲ್ಲೇ ಬಿಟ್ಟು ಬಂದೆವು.

ಉಷ್ಣವಲಯದ ಕಾಡಿನಲ್ಲಿ ಜೀರುಂಡೆಗಳೂ ಇರುವೆಗಳೂ ಎರಡು ಬೇರೆ ಬೇರೆ ಬಗೆಯ ಸಿರಿವಂತಿಕೆಯನ್ನು ತೋರಿಸುತ್ತವೆ. ಜೀರುಂಡೆಗಳಲ್ಲಿ ಜಾತಿಗಳು ಅಪಾರ, ತಲೆಗಳು ಕಡಿಮೆ: ಮರವೊಂದಕ್ಕೆ ಹೊಗೆ ಹಾಕಿದರೆ ಎಷ್ಟೋ ಜಾತಿಗಳು ಒಂದೇ ಒಂದು ಹುಳುವಿನ ರೂಪದಲ್ಲಿ ಸಿಕ್ಕಿ, ಮತ್ತೆಂದೂ ಸಿಗುವುದಿಲ್ಲ. ಈವರೆಗೆ ಹೆಸರಿಟ್ಟ ಜೀರುಂಡೆಗಳೇ ನಾಲ್ಕು ಲಕ್ಷದ ಆಸುಪಾಸಿನಲ್ಲಿವೆ, ಇರುವೆಗಳಾದರೋ ಹದಿನಾಲ್ಕು ಸಾವಿರವನ್ನು ಸ್ವಲ್ಪ ಮೀರಿವೆಯಷ್ಟೆ. ಆದರೆ ಲೋಕದ ಇರುವೆಗಳ ಒಟ್ಟು ತೂಕ ಎಲ್ಲ ವನ್ಯ ಹಕ್ಕಿಗಳು ಮತ್ತು ವನ್ಯ ಸಸ್ತನಿಗಳ ಒಟ್ಟು ತೂಕಕ್ಕಿಂತ ಹೆಚ್ಚು ಎಂದು 2022ರ ಅಂದಾಜು ಹೇಳುತ್ತದೆ. ಮರದ ನೆತ್ತಿಯಲ್ಲಿ ಬೇಟೆಗೆ ಸಿಗುವ ಹುಳುಗಳಿಗಿಂತ ಬೇಟೆಗಾರ ಇರುವೆಗಳೇ ಹೆಚ್ಚಾಗಿರುವುದು ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. ಆ ಇರುವೆಗಳಲ್ಲಿ ಬಹುಪಾಲು ಬೇಟೆಗಾರರೇ ಅಲ್ಲ, ಗಿಡದ ರಸವನ್ನೂ ರಸ ಹೀರುವ ಹೇನುಗಳು ಸ್ರವಿಸುವ ಸಿಹಿಯನ್ನೂ ಕುಡಿದು ಬದುಕುವಂಥವು ಎಂಬುದು 2003ರಲ್ಲಿ ಗಟ್ಟಿಯಾಯಿತು. ಹಾಗೆಂದು ಇರುವೆಗಳಲ್ಲಿ ವೈವಿಧ್ಯ ಕಡಿಮೆ ಎಂದುಕೊಳ್ಳಬೇಡಿ; ಪೆರುವಿನ ತಂಬೋಪಾಟಾದಲ್ಲಿ ಇರುವೆ ತಜ್ಞ ಇ. ಓ. ವಿಲ್ಸನ್ ಅವರು ಒಂದೇ ಮರದಿಂದ ಗುರುತಿಸಿದ ಇರುವೆಗಳು 43 ಜಾತಿ, ಇಡೀ ಬ್ರಿಟನ್ನಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ.

ಈ ವ್ಯತ್ಯಾಸದಿಂದಾಗಿ, ಕಾಡು ಕೆಟ್ಟಾಗ ಏನು ಕೆಟ್ಟಿತೆಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮರ ಕಡಿದ ಜಾಗದಲ್ಲೂ ಇರುವೆಗಳು ಸಾಲುಗಟ್ಟಿ ಹೋಗುತ್ತಿರುತ್ತವೆ, ದೀಪಕ್ಕೆ ಹುಳುಗಳು ಮುತ್ತುತ್ತಲೇ ಇರುತ್ತವೆ. ತಲೆ ಎಣಿಸಿದರೆ ಏನೂ ಕಡಿಮೆಯಾಗಿಲ್ಲ. ಎಲ್ಲೆಲ್ಲೂ ಬದುಕಬಲ್ಲ ನಾಲ್ಕಾರು ಜಾತಿಗಳು ಉಳಿದವರ ಜಾಗ ತುಂಬಿವೆ ಎಂದು ಹೇಳಬೇಕಾದರೆ ಅವುಗಳ ಗುರುತು ಬಲ್ಲವರೊಬ್ಬರು ಅಲ್ಲಿರಬೇಕು.

ಗುರುತು ತಿಳಿದರೆ ಏನು ಲಾಭ ಎನ್ನುವವರಿಗೆ ನಮ್ಮ ಪಶ್ಚಿಮ ಘಟ್ಟದ್ದೇ ಒಂದು ಮರವನ್ನು ತೋರಿಸುತ್ತೇನೆ. ಹಂಬೋಲ್ಟಿಯಾ ಬ್ರುನೋನಿಸ್ ಎಂಬುದು ಕೊಡಗಿನ ಕಡೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಸಣ್ಣ ಮರ. ಅದರ ಕೆಲವು ಗಿಡಗಳಲ್ಲಿ ಮಾತ್ರ ಕೊಂಬೆಯ ಗೆಣ್ಣುಗಳ ನಡುವಿನ ಭಾಗ ಊದಿಕೊಂಡು, ಒಳಗೆ ಟೊಳ್ಳಾಗಿ, ಪಕ್ಕದಲ್ಲಿ ತಾನಾಗಿಯೇ ಒಂದು ಸೀಳು ಬಿಡುತ್ತದೆ. ಆ ಟೊಳ್ಳಿನಲ್ಲಿ ಇರುವೆಗಳು ಮನೆ ಮಾಡುತ್ತವೆ. ಎಷ್ಟೋ ಕಡೆ ಅವುಗಳ ಪಕ್ಕದ ಟೊಳ್ಳಿನಲ್ಲಿ ಮರ ಹತ್ತಿದ ಎರೆಹುಳುವೊಂದು ವಾಸವಾಗಿರುತ್ತದೆ. ಮರದ ಮೇಲೆ ಎರೆಹುಳು ಎಂದರೆ ನಂಬುವುದು ಕಷ್ಟ, ಆದರೆ ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಈ ಮರದ ಬಾಡಿಗೆದಾರರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದಾಗ, ಮರದ ಮೇಲೆ ಹಲವು ಜಾತಿಯ ಇರುವೆಗಳಿದ್ದರೂ ಎಳೆ ಎಲೆಯನ್ನು ಹುಳುಗಳಿಂದ ನಿಜಕ್ಕೂ ಕಾಯುತ್ತಿದ್ದದ್ದು ಟೆಕ್ನೊಮಿರ್ಮೆಕ್ಸ್ ಎಂಬ ಒಂದು ಇರುವೆ, ಅದೂ ಎಲ್ಲ ಕಾಡುಗಳಲ್ಲಿ ಅಲ್ಲ. ಉಳಿದವು ಮರದ ಮಧು ಕುಡಿದು ಸುಮ್ಮನಿರುವಂಥವು. ಈ ಮರದ ಮೇಲೆ ಇರುವೆಗಳಿವೆ ಎಂದಷ್ಟೇ ವರದಿ ಬರೆದಿದ್ದರೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಒಂದು ಜೀರುಂಡೆಯ ಪರಿಚಯ ಮಾತ್ರ ಚೆನ್ನಾಗಿದೆ: ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆಯಿಡುತ್ತದೆ, ನೆರಳು ತೆಗೆದ ತೋಟದಲ್ಲಿ ಹಾವಳಿ ಹೆಚ್ಚು, ಕೊರಕ ಹೊಡೆದ ಗಿಡವನ್ನು ಕಿತ್ತು ಸುಡಬೇಕು ಎಂಬುದೆಲ್ಲ ಚಿಕ್ಕಮಗಳೂರಿನ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಆ ತಿಳಿವಳಿಕೆ ಬೇಕಾದದ್ದೇ. ಆದರೆ ನಮಗೆ ನಷ್ಟ ಮಾಡಿದ ಮೇಲಷ್ಟೇ ಒಂದು ಹುಳುವಿಗೆ ತಜ್ಞರೂ ಅನುದಾನವೂ ಸಿಗುವುದಾದರೆ, ಅದೇ ತೋಟದ ನೆರಳು ಮರಗಳಲ್ಲಿ ಸುಮ್ಮನೆ ಇರುವ ನೂರಾರು ಜಾತಿಗಳ ಸರದಿ ಎಂದಿಗೂ ಬರುವುದಿಲ್ಲ.

ಈ ಕೆಲಸಕ್ಕೆ ಜನ ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಟಿ. ಎಂ. ಮುಸ್ತಾಕ್ ಅಲಿ ಅವರಂಥವರು ಇರುವೆಗಳನ್ನು ಗುರುತಿಸುವುದಕ್ಕೇ ಜೀವನ ಮುಡಿಪಿಟ್ಟರು. ಆದರೂ ಭಾರತದ ಇರುವೆಯೊಂದನ್ನು ಗುರುತಿಸಲು ಕುಳಿತವರು ಇಂದಿಗೂ 1903ರಲ್ಲಿ ಬಿಂಗ್‌ಹ್ಯಾಮ್ ಬರೆದ ಸಂಪುಟವನ್ನು, ಸಗಣಿ ಹುಳುವಿಗೆ 1931ರಲ್ಲಿ ಆರೋ ಬರೆದದ್ದನ್ನು ತೆರೆಯುತ್ತಾರೆ. ಹೊಸ ಜಾತಿಗೆ ಹೆಸರಿಡುವ ಸಂಶೋಧನೆಗೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಕೀಟಗಳನ್ನು ಕೆಡದಂತೆ ಇಡುವ ಕೋಣೆ, ಒಂದು ಖಾಯಂ ಹುದ್ದೆ ಸಾಕು. ಖಾಯಂ ಹುದ್ದೆ ಎಂಬಲ್ಲಿಗೇ ಮಾತು ನಿಂತುಹೋಗುತ್ತದೆ.

ಹಾಗಾಗಿ ನನ್ನದೊಂದು ಸಣ್ಣ ಸಲಹೆ ಇದೆ. ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿಗಾಗಿ ಅರಣ್ಯ ಸಿಬ್ಬಂದಿ ಟ್ರಾನ್ಸೆಕ್ಟ್ ಲೈನ್‌ಗಳಲ್ಲಿ, ಅಂದರೆ ಮೊದಲೇ ಗೊತ್ತುಮಾಡಿದ ನೇರ ಹಾದಿಗಳಲ್ಲಿ, ನಡೆಯುತ್ತಾರೆ; 2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 563 ಹುಲಿಗಳು ಸಿಕ್ಕವು. ಅದೇ ಲೈನ್‌ಗಳಲ್ಲಿ, ಮಳೆ ಬಿದ್ದ ಮೇಲೆ ಒಂದು ವಾರ, ನೆಲಕ್ಕೆ ಸಮನಾಗಿ ಹೂತ ಲೋಟಗಳನ್ನಿಟ್ಟು, ಕೆಲವಕ್ಕೆ ಕಾಟಿಯ ಸಗಣಿಯ ಉಂಡೆ ಕಟ್ಟಿ, ಬಿದ್ದ ಇರುವೆ ಮತ್ತು ಸಗಣಿ ಹುಳುಗಳನ್ನು ಸ್ಪಿರಿಟ್‌ನಲ್ಲಿ ಹಾಕಿ, ಜಾಗ, ದಿನಾಂಕ, ಹತ್ತಿರದ ಮರದ ಹೆಸರು ಬರೆದ ಚೀಟಿಯೊಂದಿಗೆ ವಸ್ತುಸಂಗ್ರಹಾಲಯಕ್ಕೆ ಕಳಿಸಬಹುದು. ಗುರುತಿಸುವವರು ಯಾರು ಎಂದು ನೀವು ಕೇಳುವಿರಿ. ಬಾಟಲಿಗಳು ಹತ್ತು ವರ್ಷ ಕಪಾಟಿನಲ್ಲೇ ಕೂರಬಹುದು, ಕೂರಲಿ. ಸ್ಪಿರಿಟ್ ಆರದಂತೆ ಆಗಾಗ ತುಂಬಿಸುವುದಕ್ಕಾದರೂ ಒಬ್ಬರನ್ನು ನೇಮಿಸಿಕೊಳ್ಳಲೇಬೇಕಾಗುತ್ತದೆ.