ಲಡಾಖ್‌ಗೆ ಹೋದರೆ ಪಾಬಾ ಕೇಳಿ

ಕೇಳುಗರಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ನಮ್ಮ ಕಡೆಯಿಂದ ಲಡಾಖ್‌ಗೆ ಹೊರಡುವವರು ಈಗ ಜಾಸ್ತಿ. ಪ್ಯಾಂಗಾಂಗ್ ಸರೋವರ ನೋಡುತ್ತೀರಿ, ಖರ್ದುಂಗ್ ಲಾದಲ್ಲಿ ಫೋಟೊ ತೆಗೆಸಿಕೊಳ್ಳುತ್ತೀರಿ. ಒಳ್ಳೆಯದು. ಆದರೆ ಊಟಕ್ಕೆ ಕೂತಾಗ ಪನೀರ್ ಬಟರ್ ಮಸಾಲ ಬೇಡ. ದಯವಿಟ್ಟು ಬೇಡ. ಅದು ಮನೆ ಪಕ್ಕದ ಹೋಟೆಲಿನಲ್ಲೇ ಸಿಗುತ್ತೆ, ಅಲ್ವಾ? ಲಡಾಖ್‌ನಲ್ಲಿ ಬಾರ್ಲಿ ತಿನ್ನಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು.

ಯಾಕೆ ಬಾರ್ಲಿ? ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಆಗುಂಬೆಗೆ ಅದು ಒಂದು ದಿನದ ಮಳೆ. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಂದು, ಬೇಸಿಗೆಯಲ್ಲಿ ಒಂದೇ ಬೆಳೆ ತೆಗೆಯುತ್ತಾರೆ. ಆ ಚಳಿಗೆ, ಆ ಎತ್ತರಕ್ಕೆ ಒಗ್ಗಿದ ಕಾಳು ಬಾರ್ಲಿ. ಅದನ್ನು ಹುರಿದು, ರಂಟಕ್ ಅನ್ನುವ ನೀರಿನ ಬೀಸುಕಲ್ಲಿನಲ್ಲಿ ಹಿಟ್ಟು ಮಾಡುತ್ತಾರೆ.

ಒಂದು ಸಲ ಲೇಹ್‌ನ ಪಶ್ಚಿಮಕ್ಕಿರುವ ಒಂದು ಹಳ್ಳಿಯ ಮನೆಯಲ್ಲಿ ಉಳಿದಿದ್ದೆ. ಮನೆಯ ಅಮ್ಮನನ್ನು ಅಲ್ಲಿ ಅಮಾ-ಲೆ ಅನ್ನುತ್ತಾರೆ. ಸಂಜೆ ಅಮಾ-ಲೆ ಒಲೆ ಮೇಲೆ ನೀರು ಕುದಿಸಿ, ಬಾರ್ಲಿ ಹಿಟ್ಟು, ಬಟಾಣಿ ಹಿಟ್ಟು ಸುರಿದರು. ಉದ್ದನೆಯ ಕೋಲು ತೆಗೆದುಕೊಂಡು ತಿರುವಲು ಶುರು ಮಾಡಿದರು. ನನಗೆ ಸುಮ್ನೆ ಕೂರಲು ಆಗಲಿಲ್ಲ. ಅದು ನಮ್ಮ ಅಮ್ಮ ರಾಗಿ ಮುದ್ದೆ ತಿರುವುವ ರೀತಿಯೇ! ಕೋಲು ಕೇಳಿ ತೆಗೆದುಕೊಂಡು ಗಂಟಿಲ್ಲದಂತೆ ತಿರುವಿಕೊಟ್ಟೆ. ಅವರು ಬಗ್ಗಿ ಪಾತ್ರೆಯೊಳಗೆ ನೋಡಿದರು, ನನ್ನ ಮುಖ ನೋಡಿದರು, ಬೆನ್ನು ತಟ್ಟಿದರು. ಅದೇ ಪಾಬಾ. ಜೊತೆಗೆ ತಂಗ್ತುರ್ ಕೊಟ್ಟರು. ಮೊಸರಿಗೆ ಕಾಡುಸೊಪ್ಪು ಹಾಕಿದ್ದು, ನಮ್ಮ ತಂಬುಳಿಯ ಹತ್ತಿರದ ನೆಂಟ. ನಾನು ತುತ್ತು ಮುರಿದು, ಅದ್ದಿ, ನುಂಗಿದೆ. ಅಮಾ-ಲೆಗೆ ಆಶ್ಚರ್ಯ. ನಮ್ಮೂರಲ್ಲಿ ಮುದ್ದೆ ಅಗಿಯುವುದಿಲ್ಲ ಅಂದೆ. ಅವರೂ ಒಂದು ತುತ್ತು ನುಂಗಿ ನೋಡಿದರು. ಆಮೇಲೆ ಮೊಮ್ಮಕ್ಕಳೆಲ್ಲ ನುಂಗಲು ಶುರು. ಹುರಿದ ಬಾರ್ಲಿಯ ಆ ಘಮ ಈಗಲೂ ನನ್ನ ಮೂಗಿನಲ್ಲಿದೆ.

ಹೊತ್ತು ಕಡಿಮೆ ಉಳಿದಿದೆ, ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆಗೆ ಖಂಬೀರ್, ಹುಳಿ ಬರಿಸಿದ ಗೋಧಿ ಹಿಟ್ಟಿನ ದಪ್ಪ ರೊಟ್ಟಿ. ರಾತ್ರಿಗೆ ಸ್ಕ್ಯೂ. ಹಿಟ್ಟಿನ ಉಂಡೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ತರಕಾರಿಯ ಜೊತೆ ಬೇಯಿಸುತ್ತಾರೆ. ಮಾಂಸ ಬೇಡದವರು ಮೊದಲೇ ಹೇಳಿ. ಗುರ್‌ಗುರ್ ಚಹಾಕ್ಕೆ ಬೆಣ್ಣೆ, ಉಪ್ಪು ಹಾಕಿರುತ್ತಾರೆ. ಸಕ್ಕರೆ ಕೇಳಬೇಡಿ, ಸಾರು ಅಂದುಕೊಂಡು ಕುಡಿಯಿರಿ, ಹಿಡಿಸುತ್ತೆ. ಬರುವಾಗ ಒಣಗಿಸಿದ ಏಪ್ರಿಕಾಟ್ ತನ್ನಿ.

ಆದರೆ ಮೊದಲು ಬಾರ್ಲಿ. ಹೋಟೆಲಿನ ಮೆನುವಿನಲ್ಲಿ ಪಾಬಾ ಇರುವುದು ಅಪರೂಪ. ಹಾಗಾಗಿ ಒಂದು ರಾತ್ರಿಯಾದರೂ ಹಳ್ಳಿಯ ಹೋಂಸ್ಟೇಯಲ್ಲಿ ಉಳಿಯಿರಿ. ಹೋದ ತಕ್ಷಣ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಜುಲೆ ಅಮಾ-ಲೆ, ಪಾಬಾ?" ಅನ್ನಿ. ಜುಲೆ ಅಂದರೆ ನಮಸ್ಕಾರ. ಅಷ್ಟು ಸಾಕು, ಅವರಿಗೆ ಗೊತ್ತಾಗುತ್ತೆ.

ನಮಸ್ಕಾರ.