ಕಡಂಗದ ಆಚೆ

(ಮಡಿಕೇರಿಯಲ್ಲಿ ವಿದ್ಯಾರ್ಥಿಗಳು ಮತ್ತು ಮಾಜಿ ಸೈನಿಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವವರಲ್ಲಿ ಅರ್ಧ ಜನ ಸೈನ್ಯದಲ್ಲಿದ್ದು ಬಂದವರು. ನಾನು ಕೋವಿ ಹಿಡಿದದ್ದು ಕೈಲ್‌ಪೊಳ್ದ್ ಹಬ್ಬದ ದಿನ ಮಾತ್ರ, ತೆಂಗಿನಕಾಯಿಗೆ ಗುರಿ ಇಟ್ಟು. ಅದೂ ತಾಗಲಿಲ್ಲ. ಹಾಗಾಗಿ ಯುದ್ಧ ಹೇಗೆ ಮಾಡೋದು ಅಂತ ನಿಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಹೊರಗಿನ ಜಗಳಕ್ಕೆ ನಮ್ಮ ದೇಶ ಯಾವಾಗ ಹೋಯಿತು, ಯಾವಾಗ ಒಲ್ಲೆ ಅಂದಿತು, ಅಷ್ಟನ್ನು ಮಾತ್ರ ಮಾತಾಡುತ್ತೇನೆ.

ನಮ್ಮ ತೋಟದ ಅಂಚಿನಲ್ಲಿ ಒಂದು ಕಡಂಗ ಇದೆ. ನಿಮ್ಮಲ್ಲಿ ಹಲವರ ತೋಟದಲ್ಲೂ ಇರುತ್ತದೆ, ಅಲ್ವಾ? ಹಿಂದಿನವರು ಯುದ್ಧಕ್ಕೆ, ಗಡಿಗೆ ಅಂತ ತೋಡಿದ ಆಳದ ಕಂದಕ. ಆಗ ಲೆಕ್ಕ ಸುಲಭ. ಕಡಂಗದ ಆಚೆ ಇರುವವನು ಶತ್ರು, ಈಚೆ ಇರುವವನು ನಮ್ಮವನು. ಈಗ ಅದರಲ್ಲಿ ಸಿಲ್ವರ್ ಓಕ್ ತರಗೆಲೆ ತುಂಬಿದೆ. ಕಾಫಿ ಕೊಯ್ಯುವವರು ದಾಟೋಕೆ ಒಂದು ಹಲಗೆ ಹಾಕಿಕೊಂಡಿದ್ದಾರೆ.

ಸ್ವತಂತ್ರ ಭಾರತ ಮೊದಲು ಹೊರಗೆ ಹೋದದ್ದು ಕಾದಾಡೋಕೆ ಅಲ್ಲ. 1950ರಲ್ಲಿ ಕೊರಿಯಾಕ್ಕೆ ಕಳಿಸಿದ್ದು ವೈದ್ಯರ ತುಕಡಿ. 1953ರಲ್ಲಿ ಯುದ್ಧ ನಿಂತಿತು. ಆದರೆ 22 ಸಾವಿರಕ್ಕೂ ಜಾಸ್ತಿ ಯುದ್ಧಕೈದಿಗಳು, ಹೆಚ್ಚಿನವರು ಚೀನಾದವರು, ನಾವು ಊರಿಗೆ ಹೋಗಲ್ಲ ಅಂತ ಕೂತರು. ಅವರನ್ನು ಏನು ಮಾಡುವುದು? ಅದನ್ನು ತೀರ್ಮಾನಿಸುವ ಆಯೋಗಕ್ಕೆ ಅಧ್ಯಕ್ಷರಾದವರು ಇದೇ ಮಡಿಕೇರಿಯ ಸೇನಾಧಿಕಾರಿ ತಿಮ್ಮಯ್ಯನವರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದ. ಹಾಗಾಗಿ ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರ್‌ನಲ್ಲಿ ಕೂರಿಸಿ, ಸೇನೆ ಇಲ್ಲದ ಗಡಿಪಟ್ಟಿಗೆ ಒಯ್ದರು. ಆ ಶಿಬಿರಕ್ಕೆ ನಮ್ಮವರು ಹಿಂದ್ ನಗರ ಅಂತ ಹೆಸರಿಟ್ಟರು. ಒಬ್ಬೊಬ್ಬ ಕೈದಿಯನ್ನೂ ಡೇರೆಯೊಳಗೆ ಕರೆತಂದು ಕೂರಿಸುತ್ತಿದ್ದರು. ಅವನ ದೇಶದವರು ಬಾ ಅಂತ ಕರೆಯುತ್ತಿದ್ದರು. ಹೊರಗೆ ಹೋಗೋಕೆ ಎರಡು ಬಾಗಿಲು. ಒಂದರಲ್ಲಿ ಹೋದರೆ ಊರು, ಇನ್ನೊಂದರಲ್ಲಿ ಹೋದರೆ ಮತ್ತೆ ಶಿಬಿರ. ಅತ್ತ ಕೈ ಬೀಸುವವರು, ಇತ್ತ ಕೂಗಾಡುವವರು, ನಡುವೆ ನಮ್ಮ ಸೈನಿಕ. ಎರಡೂ ಕಡೆಯವರಿಂದ ಬೈಗುಳ ತಿಂದು ಬಂದ ಕೆಲಸ ಅದು. ಎರಡೂ ಕಡೆ ಹೋಗಲ್ಲ ಅಂದ 88 ಜನ ನಮ್ಮ ಜೊತೆ ಭಾರತಕ್ಕೇ ಬಂದರು. ಮುಂದೆ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಾ 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ಪುಟ್ಟ ದೇಶ ಅವರ ಅಂಚೆಚೀಟಿ ತಂದಿತು.

1962, 1965, 1971ರ ಕಥೆ ನಿಮಗೆ ಗೊತ್ತಿರುವುದೇ, ಅದಕ್ಕೆ ಹೋಗುವುದಿಲ್ಲ. ಅವೆಲ್ಲ ಕಡಂಗದ ಯುದ್ಧಗಳು. ಎದುರಾಳಿಗೆ ಸಮವಸ್ತ್ರ ಇತ್ತು.

1987ರಲ್ಲಿ ಲೆಕ್ಕ ತಪ್ಪಿತು. ಜುಲೈ 29ಕ್ಕೆ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿ ತಮಿಳರ ಪ್ರತ್ಯೇಕ ನಾಡಿಗಾಗಿ ಕೋವಿ ಹಿಡಿದಿದ್ದ ಎಲ್‌ಟಿಟಿಇ ಸಹಿ ಹಾಕಲಿಲ್ಲ. ಕೊರಿಯಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ ಅಂತ ನನಗೆ ಅನಿಸುತ್ತದೆ. ಅಲ್ಲಿ ರೀ ಹಟ ಹಿಡಿದರೂ, ಯುದ್ಧ ನಿಲ್ಲಿಸೋಕೆ ಸಹಿ ಹಾಕಿದ ಎರಡೂ ಕಡೆಯವರು ನಮ್ಮನ್ನು ಒಪ್ಪಿ ಕರೆದಿದ್ದರು.

ನನ್ನ ಸೋದರಮಾವ, ಆ ಒಪ್ಪಂದದಂತೆ ಭಾರತ ಶ್ರೀಲಂಕಾಕ್ಕೆ ಕಳಿಸಿದ ಶಾಂತಿಪಡೆಯಲ್ಲಿ ಜಾಫ್ನಾದಲ್ಲಿದ್ದರು. "ಬಂದಾಗ ಹಾರ ಹಾಕಿದರು ಕಣಪ್ಪಾ, ಅಕ್ಟೋಬರ್ ಹೊತ್ತಿಗೆ ಅದೇ ರಸ್ತೆಯಲ್ಲಿ ಮೈನ್ ಸಿಕ್ತು" ಅನ್ನುತ್ತಿದ್ದರು. ರಸ್ತೆ ಬಿಟ್ಟು ಗದ್ದೆ ಬದುವಿನಲ್ಲೇ ನಡೆಯುತ್ತಿದ್ದರಂತೆ. ಊರಿಗೆ ಬಂದ ಮೇಲೂ ಎಷ್ಟೋ ವರ್ಷ ಡಾಂಬರು ರಸ್ತೆಯ ಮಧ್ಯೆ ಅವರು ನಡೆದದ್ದು ನಾನು ನೋಡಲಿಲ್ಲ. ಅತ್ತೆ ಬೈದರೂ ಬದಿಯ ಹುಲ್ಲಿನ ಮೇಲೇ ನಡೆಯುತ್ತಿದ್ದರು. ಸುಮಾರು 1,200 ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಪಡೆ ವಾಪಸ್ ಬಂತು. ಮದ್ರಾಸಿನಲ್ಲಿ ಸ್ವಾಗತಕ್ಕೆ ಆಗಿನ ಮುಖ್ಯಮಂತ್ರಿಯೂ ಬರಲಿಲ್ಲ.

ಆ ಪೆಟ್ಟು ದೆಹಲಿಗೆ ಚೆನ್ನಾಗಿ ನೆನಪಿತ್ತು. 2003ರಲ್ಲಿ ಇರಾಕ್‌ಗೆ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿತು. ಆಸೆ ತೋರಿಸುವವರೂ ಇದ್ದರು. ವಾಜಪೇಯಿ ಸರ್ಕಾರ ಜುಲೈನಲ್ಲಿ, ವಿಶ್ವಸಂಸ್ಥೆ ಹೇಳದೆ ಕಳಿಸಲ್ಲ ಅಂದಿತು. ನಮ್ಮ ವಿದೇಶಾಂಗ ನೀತಿಯಲ್ಲಿ ಗೆದ್ದ ಯುದ್ಧಗಳಿಗಿಂತ ಈ ಒಂದು "ಇಲ್ಲ" ನನಗೆ ದೊಡ್ಡದು. ಇದಕ್ಕೆ ಪದಕ ಯಾರೂ ಕೊಡುವುದಿಲ್ಲ, ಬಿಡಿ.

ಅದೇ ಸರ್ಕಾರ 1999ರಲ್ಲಿ ಕಾರ್ಗಿಲ್ ಯುದ್ಧದಲ್ಲಿ ನಿಯಂತ್ರಣ ರೇಖೆ ದಾಟಬೇಡಿ ಅಂತ ವಾಯುಪಡೆಗೂ ಹೇಳಿತ್ತು. 2016ರಲ್ಲಿ ಸೈನಿಕರು ರೇಖೆ ದಾಟಿ ಹೊಡೆದು ಬಂದರು. 2019ರಲ್ಲಿ ವಿಮಾನ ಪಾಕಿಸ್ತಾನದ ಬಾಲಾಕೋಟ್‌ವರೆಗೆ ಹೋಯಿತು. 2025ರ ಏಪ್ರಿಲ್ 22ಕ್ಕೆ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮೇ 7ಕ್ಕೆ ಶುರುವಾದದ್ದು ಕ್ಷಿಪಣಿ ಮತ್ತು ಡ್ರೋನ್‌ಗಳ ನಾಲ್ಕು ದಿನ. ಎರಡೂ ಸೈನ್ಯ ಮುಖಾಮುಖಿ ಆಗದೆಯೇ ಮೇ 10ಕ್ಕೆ ನಿಂತಿತು. ಇನ್ನು ಮುಂದೆ ಭಯೋತ್ಪಾದಕ ದಾಳಿ ಆದರೆ ಅದನ್ನು ಯುದ್ಧ ಅಂತಲೇ ತಿಳಿಯುತ್ತೇವೆ ಅಂತ ಸರ್ಕಾರ ಹೇಳಿತು. ಆ ಸಿಟ್ಟು ನನಗೂ ಇದೆ. ಆದರೆ ಯಾವಾಗ ಯುದ್ಧ ಅನ್ನುವುದನ್ನು ಮೊದಲೇ ಹೇಳಿಬಿಟ್ಟರೆ, ಆಮೇಲೆ ನಿರ್ಧಾರ ಯಾರ ಕೈಯಲ್ಲಿರುತ್ತದೆ? ನಾಲ್ಕು ಜನ ಕೋವಿ ಹಿಡಿದು ಬಂದವರ ಕೈಯಲ್ಲಾ?

ಇದರ ನಡುವೆ ಒಂದು ವಿಚಿತ್ರ. 2020ರ ಜೂನ್‌ನಲ್ಲಿ ಲಡಾಖಿನ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತದ್ದು ಚೀನಾದ ಸೈನಿಕರ ಜೊತೆ ಕಲ್ಲು, ಮೊಳೆ ಹೊಡೆದ ಸಲಾಕೆಯ ಹೊಡೆದಾಟದಲ್ಲಿ. ಅಲ್ಲಿ ಗುಂಡು ಹಾರಿಸಬಾರದು ಅಂತ 1996ರ ಒಪ್ಪಂದ. ಎರಡೂ ಅಣುಬಾಂಬು ಇರುವ ದೇಶಗಳು ನೋಡಿ! ಕಡಂಗದ ಕಾಲಕ್ಕೇ ಹೋದ ಹಾಗೆ.

ಕಳೆದ ಮಳೆಗಾಲ ಮುಗಿದ ಮೇಲೆ ತೋಟದಲ್ಲಿ ಆನೆ ಎಲ್ಲಿದೆ ಅಂತ ಹುಡುಕೋಕೆ ಡ್ರೋನ್ ಬಿಟ್ಟಿದ್ದರು. ಮಾವ ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಮೇಲೆ ಗುಂಯ್ ಅಂದದ್ದೇ ತಡ, ಕುಕ್ಕೆ ಬಿಟ್ಟು ಗೋಡೆಗೆ ಒತ್ತಿ ನಿಂತರು. ಮೊಮ್ಮಗ ನಕ್ಕ. "ಅಜ್ಜಾ, ಅದು ಆನೆಗೆ" ಅಂದ. ಮಾವ ಮೇಲೆ ನೋಡುತ್ತಲೇ ಕೇಳಿದರು, "ಅದನ್ನು ಓಡಿಸ್ತಾ ಇರೋನು ಎಲ್ಲಿದ್ದಾನೆ?"