ಮೀಟರಿನ ತಟ್ಟೆಯನ್ನು ತಿರುಗಿಸಿದ್ದು ಯಾರು?

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಚಾಳಿನಲ್ಲಿ ಬೆಳೆದವರಿಗೆ ಮೆಟ್ಟಿಲ ಕೆಳಗಿನ ಕರೆಂಟು ಮೀಟರುಗಳು ನೆನಪಿರಬೇಕು. ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ, ಅದರ ಅಂಚಿನಲ್ಲಿ ಬಣ್ಣದ ಗುರುತು. ಮನೆಯಲ್ಲಿ ಅಮ್ಮ ಇಸ್ತ್ರಿಪೆಟ್ಟಿಗೆ ಹಚ್ಚಿದರೆ ತಟ್ಟೆ ಓಡುತ್ತಿತ್ತು, ಆರಿಸಿದರೆ ತೆವಳುತ್ತಿತ್ತು. ಸ್ಕೂಲಿಗೆ ತಡವಾದರೂ ನಾನು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಆ ತಟ್ಟೆಗೆ ಒಂದು ವೈರೂ ಇಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದೂ ಇಲ್ಲ. ಮತ್ತೆ ಅದನ್ನು ತಿರುಗಿಸುವುದು ಯಾರು?

ಮಳೆಗಾಲದಲ್ಲಿ ಊರಿಗೆ ಹೋದಾಗ ನೇತ್ರಾವತಿಯಲ್ಲಿ ಸುಳಿ ನೋಡಿದ್ದೀರಲ್ವಾ? ಲೋಹದ ಪಕ್ಕದಲ್ಲಿ ಅಯಸ್ಕಾಂತದ ಬಲ ಏರಿಳಿದರೆ, ಇಲ್ಲವೇ ಅಯಸ್ಕಾಂತದ ಮುಂದೆ ಲೋಹವೇ ಚಲಿಸಿದರೆ, ಲೋಹದೊಳಗೂ ಕರೆಂಟು ಹಾಗೇ ಸುತ್ತತೊಡಗುತ್ತದೆ. ಅದೇ ಸುಳಿ ವಿದ್ಯುತ್. 1855ರಲ್ಲಿ ಫ್ರಾನ್ಸಿನ ವಿಜ್ಞಾನಿ ಫುಕೋ ಅಯಸ್ಕಾಂತದ ಎರಡು ತುದಿಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿದ. ತಿರುಗಿಸಲು ಜಾಸ್ತಿ ಬಲ ಬೇಕಾಯಿತು, ತಟ್ಟೆ ಬಿಸಿಯೂ ಆಯಿತು.

ಮೀಟರಿನಲ್ಲಿ ಎರಡು ತಂತಿ ಸುರುಳಿಗಳಿರುತ್ತವೆ, ಕರೆಂಟು ಹರಿದಾಗ ಅವು ಬಲ ಏರಿಳಿಯುವ ಅಯಸ್ಕಾಂತಗಳಾಗುತ್ತವೆ. ಒಂದು ವೋಲ್ಟೇಜಿಗೆ, ಇನ್ನೊಂದು ಮನೆ ಬಳಸುವ ಕರೆಂಟಿಗೆ. ಎರಡೂ ಸೇರಿ ತಟ್ಟೆಯಲ್ಲಿ ಸುಳಿ ಎಬ್ಬಿಸಿ ಅದನ್ನು ತಳ್ಳುತ್ತವೆ. ಆದರೆ ಬರೀ ತಳ್ಳಿದರೆ ವೇಗ ಏರುತ್ತಲೇ ಹೋಗುತ್ತದೆ, ಅಳತೆ ಸಿಗುವುದಿಲ್ಲ. ಅದಕ್ಕೇ ತಟ್ಟೆಯ ಅಂಚಿಗೆ ಒಂದು ಕಾಯಂ ಅಯಸ್ಕಾಂತ ಇಟ್ಟಿರುತ್ತಾರೆ. ಅದರಡಿ ತಟ್ಟೆ ಹಾಯುವಾಗ ಮತ್ತೊಂದು ಸುಳಿ ಹುಟ್ಟಿ ತಟ್ಟೆಯನ್ನು ತಡೆಯುತ್ತದೆ. ಜೋರಾಗಿ ತಿರುಗಿದಷ್ಟೂ ತಡೆ ಜಾಸ್ತಿ. ಹಾಗಾಗಿ ಮನೆಗೆ ಎರಡು ಪಟ್ಟು ವಿದ್ಯುತ್ ಬೇಕಾದರೆ ತಟ್ಟೆಯ ವೇಗವೂ ಸರಿಯಾಗಿ ಎರಡು ಪಟ್ಟು. ತಳ್ಳುವುದೂ ಸುಳಿ, ತಡೆಯುವುದೂ ಸುಳಿ! ಇದು ತಿಳಿದ ದಿನ ನನಗಾದ ಖುಷಿ ಇಂದಿಗೂ ಆರಿಲ್ಲ.

ಈಗ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಂಥ ಮೀಟರಿಲ್ಲ, ಅಂಕಿ ತೋರಿಸುವ ಮೀಟರಿದೆ. ಸುಳಿ ಮಾತ್ರ ಅಡುಗೆಮನೆಗೆ ಬಂದಿದೆ. ಇಂಡಕ್ಷನ್ ಒಲೆಯ ಗಾಜಿನಡಿಯ ತಾಮ್ರದ ಸುರುಳಿಯಲ್ಲಿ ಕರೆಂಟು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಸುಳಿ ತಳದ ತೆಳು ಪದರಕ್ಕೇ ಸೀಮಿತ. ಅಲ್ಲಿ ಕರೆಂಟಿಗೆ ತಡೆ ಜಾಸ್ತಿ, ಶಾಖವೂ ಜಾಸ್ತಿ. ಅಲ್ಯೂಮಿನಿಯಂನಲ್ಲಿ ತಡೆ ತೀರಾ ಕಡಿಮೆ, ಆದ್ದರಿಂದ ಮಾಮೂಲಿ ಒಲೆ ಅದನ್ನು ಒಪ್ಪುವುದಿಲ್ಲ. ನೀರ್ ದೋಸೆಯ ಕಾವಲಿ ಕಬ್ಬಿಣದ್ದಾಗಿ, ತಳ ಸಪಾಟಾಗಿದ್ದರೆ ಸುಮ್ನೆ ಇಟ್ಟುಬಿಡಿ, ಕಾಯುತ್ತದೆ.

ಇದೇ ಶಾಖ ಟ್ರಾನ್ಸ್‌ಫಾರ್ಮರಿನಲ್ಲಿ ಬೇಡ. ಅಲ್ಲಿ ಇಡೀ ಕಬ್ಬಿಣದ ಗಟ್ಟಿ ಬದಲು ತೆಳು ತಗಡುಗಳನ್ನು ಒಂದಕ್ಕೊಂದು ಕರೆಂಟು ತಾಗದಂತೆ ಜೋಡಿಸುತ್ತಾರೆ, ಆಗ ಸುಳಿ ದೊಡ್ಡದಾಗಿ ಸುತ್ತಲು ಜಾಗ ಸಿಗುವುದಿಲ್ಲ.

ಸುಳಿಯ ಆಟವನ್ನು ನೀವೇ ನೋಡಬೇಕೇ? ಎಸಿ ರಿಪೇರಿಯವರ ಹತ್ತಿರ ಒಂದು ಮೀಟರ್ ಉದ್ದದ ತಾಮ್ರದ ಪೈಪು ಕೇಳಿ. ಒಳಗೆ ಸಡಿಲವಾಗಿ ಹೋಗುವ ಒಂದು ಪುಟ್ಟ, ಬಲವಾದ ಅಯಸ್ಕಾಂತ ಬೇಕು. ಅಷ್ಟು ಎತ್ತರದಿಂದ ಕಲ್ಲು ಬೀಳಲು ಅರ್ಧ ಸೆಕೆಂಡೂ ಹಿಡಿಯದು. ಪೈಪನ್ನು ನೆಟ್ಟಗೆ ಹಿಡಿದು, ಮಕ್ಕಳ ಕೈ ಕೆಳಗಿಡಿಸಿ, ಅಯಸ್ಕಾಂತ ಬಿಡಿ. ಮೀಟರಿನ ತಟ್ಟೆಯನ್ನು ತಡೆದ ಅದೇ ಸುಳಿ ಇಲ್ಲೂ ಹಿಡಿಯುತ್ತದೆ. ಮಕ್ಕಳು "ಎಲ್ಲಿ, ಬರಲೇ ಇಲ್ಲ" ಎನ್ನುವ ಹೊತ್ತಿಗೆ ಅದು ಮೆಲ್ಲಗೆ ಕೈಗಿಳಿಯುತ್ತದೆ.

ನಮಸ್ಕಾರ.